ಬಸುರಿ ಪಾಲಿನ ತತ್ತಿ ಬಸುರಿಗೇ: ಮನೆಮಂದಿಗೆಲ್ಲ ಬೆಳಗಿನ ತತ್ತಿ ನಾಷ್ಟಾ ಮಾಡೋದು ಹೇಗೆ?

ಹುಲಿಹೈದರ (ಕನಕಗಿರಿ ತಾ.): ಬೆಳಗ್ಗೆ ಏಳಕ್ಕೆ ಹೋಟೆಲ್ ಮುಂದೆ ವಗ್ಗರಣಿ-ಮಿರ್ಚಿ, ಮನೆಯಲ್ಲಿ ಒಂದು ಕಪ್ ಚಹಾ, ಆಮೇಲೆ ಬುತ್ತಿ ಕಟ್ಟಿಕೊಂಡು ಹೊಲದ ದಾರಿ. ಹುಲಿಹೈದರ ಹೋಬಳಿ ಇರಲಿ, ಕನಕಗಿರಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಹಳ್ಳಿ ಇರಲಿ, ಬಹಳಷ್ಟು ಮನೆಗಳ ಬೆಳಗು ಹೀಗೇ ಶುರುವಾಗುತ್ತದೆ. ಗಂಡಸರಿಗೆ ಹೋಟೆಲ್ ಇದೆ, ಮಕ್ಕಳಿಗೆ ಶಾಲೆ ಊಟ ಇದೆ. ಎಲ್ಲರಿಗೂ ಕೊಟ್ಟು ಕೊನೆಗೆ ತಿನ್ನೋ ಹೆಣ್ಣುಮಗಳಿಗೆ ಉಳಿಯೋದು ಚಹಾ, ರಾತ್ರಿಯ ರೊಟ್ಟಿ. ಆಕೆ ಬಸುರಿ ಆಗಿದ್ದರೂ ಅಷ್ಟೇ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಇದಕ್ಕೆ ತತ್ತಿ ಒಂದೇ ಮದ್ದು ಅಂತಲ್ಲ. ಆದರೆ ಕಿರಾಣಿ ಅಂಗಡಿಯಲ್ಲಿ ಸಿಗೋ, ಹತ್ತು-ಹದಿನೈದು ನಿಮಿಷದಲ್ಲಿ ತಯಾರಾಗೋ, ಇಷ್ಟು ಪೌಷ್ಟಿಕಾಂಶ ಇರೋ ಪದಾರ್ಥ ಬೇರೆ ಕಡಿಮೆ. ಮನೆಗೆ ತತ್ತಿ ತಂದರೂ ಅದು ಆಕೆಯ ತಾಟಿಗೆ ಬರುತ್ತಾ ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ. ಏನು ಕೊಳ್ಳಬೇಕು, ಹೇಗೆ ಮಾಡಬೇಕು, ಯಾರಿಗೆ ಎಷ್ಟು ಅನ್ನೋದರ ಪೂರ್ತಿ ಮಾಹಿತಿ ಇಲ್ಲಿದೆ.

ಒಂದು ತತ್ತಿಯಲ್ಲಿ ಏನಿದೆ?

ಸುಮಾರು 50 ಗ್ರಾಂ ತೂಕದ ಒಂದು ತತ್ತಿಯಲ್ಲಿ 6ರಿಂದ 6.5 ಗ್ರಾಂ ಪ್ರೋಟೀನ್, 70-75 ಕ್ಯಾಲರಿ ಶಕ್ತಿ ಇರುತ್ತದೆ. ಮೈ ಬೆಳೆಯಲು ಬೇಕಾದ ಅಗತ್ಯ ಅಮೈನೊ ಆಮ್ಲಗಳೆಲ್ಲ ಒಂದರಲ್ಲೇ ಸಿಗುತ್ತವೆ. ಎ ಮತ್ತು ಡಿ ವಿಟಮಿನ್, ಕೂಸಿನ ಮೆದುಳಿಗೆ ಬೇಕಾದ ಕೋಲೀನ್, ಇರೋ ಅಷ್ಟು ಕಬ್ಬಿಣಾಂಶ ಎಲ್ಲ ಹೆಚ್ಚಾಗಿ ಇರೋದು ಹಳದಿ ಭಾಗದಲ್ಲಿ. ಸೊಪ್ಪು-ಕಾಳಿನಲ್ಲಿ ಸಿಗದ ಬಿ12 ವಿಟಮಿನ್ ಕೂಡ ತತ್ತಿಯಲ್ಲಿದೆ. ಹಾಗಾಗಿ ಬಿಳಿ ಭಾಗ ಮಾತ್ರ ತಿಂದು ಹಳದಿ ಬಿಡಬಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ 55 ಕೆ.ಜಿ. ತೂಕದ ಹೆಣ್ಣುಮಗಳಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಬಸುರಿಗೆ 4ರಿಂದ 6 ತಿಂಗಳಲ್ಲಿ ಅದರ ಮೇಲೆ 9.5 ಗ್ರಾಂ, ಕೊನೆ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚಿಗೆ ಬೇಕು. ಅಂದರೆ ಕೊನೆ ತಿಂಗಳುಗಳಲ್ಲಿ ದಿನಕ್ಕೆ 68 ಗ್ರಾಂ.

ಈಗ ಲೆಕ್ಕ ಹಾಕಿ. ಎರಡು ತತ್ತಿ (12-13 ಗ್ರಾಂ), 100 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ (ಸುಮಾರು 10 ಗ್ರಾಂ), 20 ಗ್ರಾಂ ಶೇಂಗಾದ ಚಟ್ನಿ (ಸುಮಾರು 5 ಗ್ರಾಂ). ಒಂದೇ ನಾಷ್ಟಾದಲ್ಲಿ 27-28 ಗ್ರಾಂ ಬಂತು. ದಿನದ ಅಗತ್ಯದ ಶೇ 40ರಷ್ಟು ಬೆಳಗ್ಗೆಯೇ ಮುಗೀತು. ಚಹಾ, ಎರಡು ಬಿಸ್ಕೀಟಿನಲ್ಲಿ ಇದರ ಹತ್ತನೇ ಒಂದು ಪಾಲೂ ಸಿಗೋದು ಕಷ್ಟ.

ತತ್ತಿಯಲ್ಲಿ ಏನಿಲ್ಲ?

ಇದನ್ನೂ ತಿಳಿದುಕೊಳ್ಳಬೇಕು. ತತ್ತಿಯಲ್ಲಿ ವಿಟಮಿನ್ ಸಿ ಇಲ್ಲ, ನಾರಿನಂಶ ಇಲ್ಲ. ಕಬ್ಬಿಣಾಂಶ ಒಂದು ತತ್ತಿಗೆ ಸುಮಾರು 1 ಮಿ.ಗ್ರಾಂ ಅಷ್ಟೇ, ಅದೂ ಪೂರ್ತಿ ಮೈಗೆ ಹತ್ತಲ್ಲ. ಅದಕ್ಕೇ ತತ್ತಿ ಜೊತೆ ಲಿಂಬೆಹುಳಿ, ಟೊಮೆಟೊ, ಹಸಿ ತಪ್ಪಲು ಪಲ್ಯ, ಇಲ್ಲವೇ ಒಂದು ಪೇರಲಹಣ್ಣು ಇರಬೇಕು.

ಆಸ್ಪತ್ರೆಯಲ್ಲಿ ಕೊಡೋ ಕಬ್ಬಿಣಾಂಶದ ಗುಳಿಗೆ ಬಿಡಲೇಬಾರದು. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ ನುಂಗಬೇಕು ಅನ್ನೋದು ಸರ್ಕಾರದ ನಿಯಮ. ಒಂದು ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ ಇರುತ್ತದೆ. ತತ್ತಿ, ಹಾಲು, ಚಹಾ, ಕ್ಯಾಲ್ಸಿಯಂ ಗುಳಿಗೆ ಇವುಗಳ ಜೊತೆ ಕಬ್ಬಿಣಾಂಶದ ಗುಳಿಗೆ ನುಂಗಿದರೆ ಸರಿಯಾಗಿ ಹತ್ತಲ್ಲ. ಹಾಗಾಗಿ ಬೆಳಗ್ಗೆ ತತ್ತಿ ತಿಂದವರು ಈ ಗುಳಿಗೆಯನ್ನು ರಾತ್ರಿ ಊಟ ಆದ ಮೇಲೆ ನೀರು ಇಲ್ಲವೇ ಲಿಂಬು ಪಾನಕದ ಜೊತೆ ತಗೊಳ್ಳೋದು ಒಳ್ಳೇದು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಗರ್ಭಿಣಿಗೆ ರಕ್ತಹೀನತೆ ಇದೆ ಅಂತ ಅರ್ಥ. 7ಕ್ಕಿಂತ ಕೆಳಗೆ ಹೋದರೆ ಅದು ತೀವ್ರ. ಆಗ ಮನೆ ಅಡುಗೆ ನಂಬಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಂಗನವಾಡಿಯಲ್ಲಿ ಕೂತು ತಿನ್ನಿ ಅಂತ ಯಾಕೆ ಹೇಳ್ತಾರೆ?

ಸರ್ಕಾರದ ಕಾಗದದಲ್ಲಿ ಮೊಟ್ಟೆ, ನಮ್ಮ ಕಡೆ ಬಾಯಲ್ಲಿ ತತ್ತಿ. ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾಯಿತು. ಗರ್ಭಿಣಿ ಹಾಗೂ ಬಾಣಂತಿಯರಿಗೆ ತಿಂಗಳಿಗೆ 25 ದಿನ ಅಂಗನವಾಡಿಯಲ್ಲೇ ಬಿಸಿಯೂಟ, ಅದರ ಜೊತೆ ತತ್ತಿ, ಹಾಲು, ಶೇಂಗಾ ಚಿಕ್ಕಿ ಕೊಡೋದು ಇದರ ಉದ್ದೇಶ. ತತ್ತಿ ತಿನ್ನದವರಿಗೆ ಮೊಳಕೆ ಕಾಳು.

ಮೊದಲು ಧಾನ್ಯವನ್ನು ಮನೆಗೆ ಕೊಡ್ತಿದ್ದರು. ಮನೆಗೆ ಹೋದ ಪದಾರ್ಥ ಎಲ್ಲರಿಗೂ ಹಂಚಿಹೋಗಿ ಬಸುರಿಗೆ ಉಳಿಯುತ್ತಿದ್ದದ್ದು ಚೂರು. ಅದಕ್ಕೇ "ಇಲ್ಲೇ ಕೂತು ಊಟ ಮಾಡಿ" ಅನ್ನೋ ಪದ್ಧತಿ ಬಂತು. ಆದರೆ ಕೂಲಿಗೆ ಹೋಗೋರಿಗೆ ಮಧ್ಯಾಹ್ನ ಅಂಗನವಾಡಿಗೆ ಬರೋಕೆ ಆಗಲ್ಲ. ತುಂಬಿದ ತಿಂಗಳಲ್ಲಿ ದೂರದ ಓಣಿಯಿಂದ ಬಿಸಿಲಲ್ಲಿ ನಡೆದು ಬರೋದೂ ಕಷ್ಟ. ಇಂಥವರಿಗೆ ಮನೆಯ ಬೆಳಗಿನ ನಾಷ್ಟಾ ಇನ್ನೂ ಮುಖ್ಯ.

ಮೊದಲ ಹೆರಿಗೆಗೆ ತವರಿಗೆ ಹೋಗೋರು ತಾಯಿ ಕಾರ್ಡ್ ತಗೊಂಡು ಹೋಗಿ ಅಲ್ಲಿನ ಅಂಗನವಾಡಿಯಲ್ಲಿ ಹೆಸರು ಹಚ್ಚಲು ವಿಚಾರಿಸಬೇಕು. ಇಲ್ಲಿ ಹೆಸರಿದೆ ಅಂತ ಸುಮ್ಮನಿದ್ದರೆ ಎರಡೂ ಕಡೆ ತಪ್ಪಿಹೋಗುತ್ತದೆ.

ಶಾಲಾ ಮಕ್ಕಳಿಗೆ ತತ್ತಿ ಸಿಕ್ಕಿದ್ದರಲ್ಲಿ ಕೊಪ್ಪಳ ಜಿಲ್ಲೆಯ ಪಾಲೂ ಇದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಾಗೂ ವಿಜಯಪುರದಲ್ಲಿ 1ರಿಂದ 8ನೇ ತರಗತಿ ಮಕ್ಕಳಿಗೆ ಬಿಸಿಯೂಟದ ಜೊತೆ ತತ್ತಿ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಅದಕ್ಕೆ ವಿರೋಧ ಬಂದಾಗ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ನಮಗೆ ತತ್ತಿ ಬೇಕು ಅಂತ ಮಾತಾಡಿದ ವಿಡಿಯೊ ರಾಜ್ಯದ ತುಂಬ ಹರಿದಾಡಿತು. ತತ್ತಿ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಹೋಲಿಸಿ ನೋಡಿದಾಗ, ತತ್ತಿ ತಿಂದ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಇದು ವಾರಕ್ಕೆ ಆರು ದಿನ ಆಯಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಒಂದು ಅಂಗನವಾಡಿಯಲ್ಲಿ ಮಕ್ಕಳ ತಾಟಿಗೆ ತತ್ತಿ ಇಟ್ಟು, ವಿಡಿಯೊ ಮಾಡಿಕೊಂಡು, ವಾಪಸ್ ತೆಗೆದುಕೊಂಡಿದ್ದು ಹೊರಗೆ ಬಂದು ಇಬ್ಬರು ಸಿಬ್ಬಂದಿ ಅಮಾನತಾದರು. ಹೀಗೇನಾದರೂ ಕಂಡರೆ ಪಾಲಕರು ಮೇಲ್ವಿಚಾರಕಿಗೆ, ಇಲ್ಲವೇ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಬರೆದು ಕೊಡಬಹುದು. ತಾಟಿಗೆ ಬಂದ ತತ್ತಿ ಹೊಟ್ಟೆಗೆ ಹೋಯಿತಾ ಅಂತ ಅಂಗನವಾಡಿಯಲ್ಲೂ ನೋಡಬೇಕು, ಮನೆಯಲ್ಲೂ ನೋಡಬೇಕು.

ಕೊಳ್ಳುವಾಗ, ಇಡುವಾಗ

ಗ್ರಾಹಕರಿಗೆ:

- ಸೀಳು ಬಿಟ್ಟ, ಸೋರುವ ತತ್ತಿ ಕಡಿಮೆ ರೇಟಿಗೆ ಸಿಕ್ಕರೂ ಬೇಡ. ಸೀಳಿನಿಂದ ರೋಗಾಣು ಒಳಗೆ ಹೋಗಿರುತ್ತವೆ.
- ಬೋಗುಣಿ ನೀರಿಗೆ ಹಾಕಿ ನೋಡಿ. ತಳಕ್ಕೆ ಅಡ್ಡ ಮಲಗಿದರೆ ತಾಜಾ. ನೆಟ್ಟಗೆ ನಿಂತರೆ ಹಳೇದು, ಬೇಗ ಬಳಸಿ. ತೇಲಿದರೆ ಒಗೆಯಿರಿ.
- ತಂದ ತಕ್ಷಣ ತೊಳೆದು ಇಡಬೇಡಿ. ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ. ಬಳಸೋ ಮುಂಚೆ ತೊಳೆಯಿರಿ.
- ಫ್ರಿಜ್ ಇಲ್ಲದ ಮನೆಯವರು ಬೇಸಿಗೆಯಲ್ಲಿ ಒಂದೇ ಸಲ ಟ್ರೇಗಟ್ಟಲೆ ತರಬೇಡಿ. ಮೂರ್ನಾಲ್ಕು ದಿನಕ್ಕೆ ಆಗುವಷ್ಟು ತಂದು ತಂಪು ಜಾಗದಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡಿ.

ಅಂಗಡಿಯವರಿಗೆ:

- ಬಿಸಿಲು ಬೀಳೋ ಕಟ್ಟೆ ಮೇಲೆ ಟ್ರೇ ಜೋಡಿಸಬೇಡಿ. ಹಳೇ ಟ್ರೇ ಮೊದಲು ಮಾರಿ, ಹೊಸದನ್ನು ಕೆಳಗೆ ಇಡಿ.
- ಚಿಪ್ಪಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಸೀಮೆಎಣ್ಣೆ, ಫಿನಾಯಿಲ್, ಕ್ರಿಮಿನಾಶಕದ ಹತ್ತಿರ ಇಟ್ಟರೆ ವಾಸನೆ ಹಿಡಿಯುತ್ತದೆ.
- ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ (ಎನ್‌ಇಸಿಸಿ) ದಿನಾ 100 ತತ್ತಿಗೆ ಇಷ್ಟು ಅಂತ ದರ ಹೇಳುತ್ತದೆ. ಅದರಲ್ಲಿ ನಮಗೆ ಹತ್ತಿರದ್ದು ಹೊಸಪೇಟೆ ದರ. ಸಾಮಾನ್ಯವಾಗಿ ಚಳಿಗಾಲದಲ್ಲಿ ದರ ಏರುತ್ತದೆ, ಶ್ರಾವಣದಲ್ಲಿ ಇಳಿಯುತ್ತದೆ.

ಕುದಿಸೋ ಸರಿಯಾದ ಕ್ರಮ

ತತ್ತಿ ಮುಳುಗುವಷ್ಟು ತಣ್ಣೀರು ಹಾಕಿ ಒಲೆ ಮೇಲಿಡಿ. ನೀರು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ 10 ನಿಮಿಷ ಬಿಡಿ. ತಕ್ಷಣ ತಣ್ಣೀರಿಗೆ ಹಾಕಿದರೆ ಚಿಪ್ಪು ಸಲೀಸಾಗಿ ಬಿಡುತ್ತದೆ. ಬಸುರಿ, ಸಣ್ಣ ಮಕ್ಕಳು, ವಯಸ್ಸಾದವರಿಗೆ ಹಳದಿ ಗಟ್ಟಿಯಾಗುವ ತನಕ ಬೇಯಿಸಲೇಬೇಕು. ಹಳದಿ ಸುತ್ತ ಹಸಿರು ಬಣ್ಣದ ಉಂಗುರ ಕಂಡರೆ ಹೆಚ್ಚು ಬೆಂದಿದೆ ಅಷ್ಟೇ, ಕೆಟ್ಟಿಲ್ಲ.

ಐದು ನಾಷ್ಟಾ (ಐದು ಮಂದಿ ಮನೆಗೆ)

1. ರೊಟ್ಟಿ, ಕುದಿಸಿದ ತತ್ತಿ, ಶೇಂಗಾ ಚಟ್ನಿ
ರೊಟ್ಟಿ ಬಡಿಯುವಾಗ ಪಕ್ಕದ ಒಲೆಯಲ್ಲಿ 6 ತತ್ತಿ ಕುದಿಯಲು ಇಟ್ಟರೆ ಬೇರೆ ಸಮಯ ಬೇಕಿಲ್ಲ. ಸಿಪ್ಪೆ ತೆಗೆದು ಅರ್ಧ ಸೀಳಿ, ಉಪ್ಪು, ಮೆಣಸಿನಪುಡಿ ಉದುರಿಸಿ, ಲಿಂಬೆ ಹಿಂಡಿ. ಜೊತೆಗೆ ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಚೆನ್ನಾಗಿ ತೊಳೆದ ಹಕ್ಕರಿಕಿ ಇಲ್ಲವೇ ಮೆಂತೆ ತಪ್ಪಲು. ಆರನೇ ತತ್ತಿ ಬಸುರಿಯ ಎರಡನೇ ತತ್ತಿ.

2. ಮೆಂತೆ-ತತ್ತಿ ಪಲ್ಯ
6 ತತ್ತಿ, ಒಂದು ಕಟ್ಟು ಮೆಂತೆ, 3 ಉಳ್ಳಾಗಡ್ಡಿ, 2 ಟೊಮೆಟೊ, 3 ಹಸಿಮೆಣಸಿನಕಾಯಿ, 5-6 ಎಸಳು ಬಳ್ಳೊಳ್ಳಿ, ಅರ್ಧ ಚಮಚ ಜೀರಿಗೆ, ಚಿಟಿಕೆ ಅರಿಶಿಣ, 2 ಚಮಚ ಎಣ್ಣೆ. ಎಣ್ಣೆಗೆ ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿ ಹುರಿಯಿರಿ. ಟೊಮೆಟೊ, ಅರಿಶಿಣ, ಉಪ್ಪು ಹಾಕಿ ಮೆತ್ತಗಾದ ಮೇಲೆ ಮೆಂತೆ ಹಾಕಿ ಎರಡು ನಿಮಿಷ ಬಾಡಿಸಿ. ತತ್ತಿ ಒಡೆದು ಹಾಕಿ ನೀರಿನಂಶ ಪೂರ್ತಿ ಆರುವ ತನಕ ಕೈಯಾಡಿಸಿ. ಜೋಳದ ರೊಟ್ಟಿಗೂ ಸಜ್ಜಿ ರೊಟ್ಟಿಗೂ ಹೊಂದುತ್ತದೆ. ಮೆಂತೆ ಸಿಗದಿದ್ದರೆ ಪಾಲಕ್, ರಾಜಗಿರಿ ಯಾವುದಾದರೂ ಆಗುತ್ತದೆ.

3. ತತ್ತಿ ವಗ್ಗರಣಿ
ದಿನಾ ತಿನ್ನೋ ವಗ್ಗರಣಿಗೇ ತತ್ತಿ ಸೇರಿಸೋದು. ಮೊದಲು 5-6 ತತ್ತಿ ಒಡೆದು ಉಪ್ಪು ಹಾಕಿ ಬಾಣಲೆಯಲ್ಲಿ ಪುಡಿಪುಡಿ ಆಗುವಂತೆ ಬೇಯಿಸಿ ತೆಗೆದಿಡಿ. ಮಂಡಕ್ಕಿ ನೆನೆಸಿ ಹಿಂಡಿ, ಪುಟಾಣಿ ಹಿಟ್ಟು ಕಲಸಿಡಿ. ಎಣ್ಣೆಗೆ ಸಾಸಿವೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಟೊಮೆಟೊ, ಅರಿಶಿಣ ಹಾಕಿ ಒಗ್ಗರಣೆ ಮಾಡಿ, ಮಂಡಕ್ಕಿ ಹಾಗೂ ತತ್ತಿ ಎರಡನ್ನೂ ಸೇರಿಸಿ ಬಿಸಿ ಮಾಡಿ. ಮೇಲೆ ಕೊತ್ತಂಬರಿ, ಲಿಂಬೆರಸ. ಜೊತೆಗೆ ಕರಿದ ಮಿರ್ಚಿ ಬೇಕೇ ಬೇಕು ಅಂತಿಲ್ಲ. ಎದೆ ಉರಿ ಇರೋ ಬಸುರಿಯರು ಮಿರ್ಚಿ ಬಿಡೋದೇ ಲೇಸು.

4. ನುಗ್ಗಿ ತಪ್ಪಲಿನ ಆಮ್ಲೇಟ್
ತತ್ತಿ ಕಡಿಮೆ ಇದ್ದಾಗ ಇದು ಅನುಕೂಲ. 4 ತತ್ತಿ, 4 ದೊಡ್ಡ ಚಮಚ ಕಡಲೆಹಿಟ್ಟು, ಒಂದು ಹಿಡಿ ಎಳೇ ನುಗ್ಗಿ ತಪ್ಪಲು, ಹೆಚ್ಚಿದ ಉಳ್ಳಾಗಡ್ಡಿ, ಮೆಣಸಿನಕಾಯಿ, ಉಪ್ಪು, ಸ್ವಲ್ಪ ನೀರು. ಗಂಟಿಲ್ಲದಂತೆ ಕಲಸಿ ಹಂಚಿನ ಮೇಲೆ ದೋಸೆಯಂತೆ ಹಾಕಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಇದರಲ್ಲಿ ಒಬ್ಬೊಬ್ಬರಿಗೆ ಬರೋದು ಒಂದು ತತ್ತಿಗಿಂತ ಕಡಿಮೆ. ಹಾಗಾಗಿ ಬಸುರಿಗೆ ಇನ್ನೊಂದು ಕುದಿಸಿದ ತತ್ತಿ ಬೇರೆ ಕೊಡಿ.

5. ಹೊಲಕ್ಕೆ ಬುತ್ತಿ
ಬೆಳಗ್ಗೆ ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗೋರಿಗೆ. ಬೆಳಗ್ಗೆಯೇ ಕುದಿಸಿದ ತತ್ತಿಯನ್ನು ಸಿಪ್ಪೆ ತೆಗೆಯದೆ ಬುತ್ತಿಯಲ್ಲಿ ಕಟ್ಟಿ. ಜೊತೆಗೆ ರೊಟ್ಟಿ, ಗುರೆಳ್ಳು ಚಟ್ನಿ, ಅರ್ಧ ಲಿಂಬೆಹಣ್ಣು. ಬಿಸಿಲಿನಲ್ಲಿ ಬಹಳ ಹೊತ್ತು ಇಡಬಾರದು. ಎರಡು ತಾಸಿನೊಳಗೆ ತಿಂದುಬಿಡಬೇಕು. ಮಧ್ಯಾಹ್ನದ ತನಕ ಉಳಿಸಿಕೊಂಡ ತತ್ತಿ ಬೇಸಿಗೆಯಲ್ಲಿ ಬೇಡ.

ಯಾವ ನಾಷ್ಟಾ ಮಾಡಿದರೂ ಅದರ ಜೊತೆಗೇ ಚಹಾ ಕುಡಿಯಬೇಡಿ. ಚಹಾದಲ್ಲಿರೋ ಟ್ಯಾನಿನ್ ಊಟದ ಕಬ್ಬಿಣಾಂಶ ಮೈಗೆ ಹತ್ತಲು ಬಿಡಲ್ಲ. ನಾಷ್ಟಾಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇರಲಿ.

ಯಾರಿಗೆ ಎಷ್ಟು?

- ಮೊದಲ ಮೂರು ತಿಂಗಳು: ವಾಂತಿ, ವಾಕರಿಕೆ ಇದ್ದಾಗ ತತ್ತಿ ವಾಸನೆಯೇ ಆಗಲ್ಲ ಅನ್ನೋರು ಬಹಳ. ಒತ್ತಾಯ ಬೇಡ. ಅಂಥವರಿಗೆ ಆರಿದ, ಕುದಿಸಿದ ತತ್ತಿ ಅರ್ಧ ಅರ್ಧ ಕೊಟ್ಟು ನೋಡಿ. ಆಗದಿದ್ದರೆ ಹಾಲು, ಮೊಸರು, ಹೆಸರುಬೇಳೆ.
- ನಾಲ್ಕನೇ ತಿಂಗಳಿಂದ: ದಿನಕ್ಕೆ ಒಂದು. ಅಂಗನವಾಡಿಯಲ್ಲಿ ಒಂದು ಸಿಕ್ಕರೂ ಮನೆಯಲ್ಲಿ ಬೆಳಗ್ಗೆ ಒಂದು ಕೊಡಬಹುದು.
- ಬಾಣಂತಿ: ಹಾಲುಣಿಸೋ ತಾಯಿಗೂ ಹೆಚ್ಚಿನ ಪ್ರೋಟೀನ್ ಬೇಕು. ಬರೀ ಅನ್ನ-ಸಾರಿನಲ್ಲಿ ಪಥ್ಯ ಮಾಡಿಸೋದರಿಂದ ಆಕೆ ಸೊರಗುತ್ತಾಳೆ.
- ಕೂಸು: ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ, ಪೂರ್ತಿ ಬೆಂದ ತತ್ತಿಯನ್ನು ನುಣ್ಣಗೆ ಹಿಸುಕಿ ಚೂರು ಚೂರು ಕೊಟ್ಟು ಶುರು ಮಾಡಬಹುದು.
- ಶಾಲಾ ಮಕ್ಕಳು: ಶಾಲೆ ಸೂಟಿ ಇರೋ ದಿನ ಮತ್ತು ರಜಾ ತಿಂಗಳುಗಳಲ್ಲಿ ಮನೆಯಲ್ಲಿ ಒಂದು ತತ್ತಿ ಮರೆಯಬೇಡಿ.

ಊರಲ್ಲಿ ಕೇಳೋ ಮಾತು, ನಿಜ ಏನು?

"ತತ್ತಿ ಉಷ್ಣ, ಬಸುರಿಗೆ ಆಗಲ್ಲ." ಚೆನ್ನಾಗಿ ಬೇಯಿಸಿದ ತತ್ತಿಯಿಂದ ಗರ್ಭಕ್ಕೆ ಅಪಾಯ ಅನ್ನೋದಕ್ಕೆ ವೈದ್ಯಕೀಯ ಆಧಾರ ಇಲ್ಲ. ಸರ್ಕಾರ ಗರ್ಭಿಣಿಯರಿಗೇ ಅಂತ ತತ್ತಿ ಕೊಡ್ತಿರೋದು ಅದಕ್ಕೇ.

"ಹೆಚ್ಚು ತಿಂದರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ." ಈ ಹೆದರಿಕೆಯಿಂದಲೇ ಎಷ್ಟೋ ಬಸುರಿಯರು ಅರೆಹೊಟ್ಟೆ ಇರುತ್ತಾರೆ. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೇ ಅಪಾಯ ಹೆಚ್ಚು.

"ಹಸಿ ತತ್ತಿ ಹಾಲಿಗೆ ಒಡೆದು ಕುಡಿದರೆ ಶಕ್ತಿ." ಇದು ತಪ್ಪು. ಹಸಿ ತತ್ತಿಯಲ್ಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರಬಹುದು. ವಾಂತಿ, ಭೇದಿ, ಜ್ವರ ಬರುತ್ತದೆ. ಹಸಿ ತತ್ತಿಯ ಪ್ರೋಟೀನ್ ಬೆಂದದ್ದರಷ್ಟು ಜೀರ್ಣವೂ ಆಗಲ್ಲ.

"ಜವಾರಿ ತತ್ತಿಯೇ ಬೇಕು, ಫಾರಂ ತತ್ತಿಯಲ್ಲಿ ಏನೂ ಇಲ್ಲ." ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ, ಹಳದಿಯ ಬಣ್ಣ ಅದು ತಿನ್ನೋ ಮೇವಿನಿಂದ ಬರುತ್ತದೆ. ಪ್ರೋಟೀನ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ದುಬಾರಿ ಜವಾರಿ ತತ್ತಿ ವಾರಕ್ಕೊಂದು ತರೋದಕ್ಕಿಂತ ಫಾರಂ ತತ್ತಿ ದಿನಕ್ಕೊಂದು ತರೋದು ಲಾಭ.

"ಶ್ರಾವಣ, ಸೋಮವಾರ ತಿನ್ನಲ್ಲ" ಅಥವಾ "ನಮ್ಮ ಮನೆಯಲ್ಲಿ ತತ್ತಿ ನಡೆಯಲ್ಲ" ಅನ್ನೋರು ಮೊಳಕೆ ಹೆಸರುಕಾಳು, ಶೇಂಗಾ, ಕಡಲೆ, ಹಾಲು, ಮೊಸರು ಪ್ರಮಾಣ ಹೆಚ್ಚಿಸಬೇಕು. ಕಾಳಿನಲ್ಲಿ ಬಿ12 ಇಲ್ಲ, ಹಾಗಾಗಿ ಹಾಲು-ಮೊಸರು ತಪ್ಪಿಸಬಾರದು. ಆ ದಿನ ತತ್ತಿ ಇಲ್ಲ ಅಂತ ಬರೀ ಚಹಾದಲ್ಲಿ ಮುಗಿಸಬೇಡಿ.

ಯಾರು ವೈದ್ಯರನ್ನು ಕೇಳಬೇಕು?

ತತ್ತಿ ತಿಂದ ಮೇಲೆ ಮೈ ದದ್ದು, ತುಟಿ ಬಾವು, ಉಸಿರಾಟ ಕಷ್ಟ ಆದರೆ ಅದು ಅಲರ್ಜಿ. ತಿನ್ನೋದು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಮೂತ್ರಪಿಂಡದ ತೊಂದರೆ ಇರೋರು, ಬಸುರಿನಲ್ಲಿ ಬಿಪಿ ಇಲ್ಲವೇ ಶುಗರ್ ಬಂದವರು ದಿನಕ್ಕೆ ಎಷ್ಟು ತತ್ತಿ, ಎಷ್ಟು ಉಪ್ಪು ಅನ್ನೋದನ್ನು ವೈದ್ಯರನ್ನು ಕೇಳಿ ತಿನ್ನಬೇಕು.

ಮನೆಯವರು ಮಾಡಬೇಕಾದ್ದು ಇಷ್ಟೇ

ತತ್ತಿ ಕುದಿಸಿದ ಮೇಲೆ ಮೊದಲು ಬಸುರಿಯ ಪಾಲು ತೆಗೆದು ಬೇರೆ ತಾಟಿನಲ್ಲಿ ಇಡಿ. ಉಳಿದದ್ದು ಆಮೇಲೆ ಹಂಚಿ. ಉಳಿದರೆ ತಿಂತಾಳೆ ಅಂದರೆ ಅವತ್ತು ಉಳಿಯಲ್ಲ. ಆಕೆ ತಾನಾಗಿ ಕೇಳೋದೂ ಇಲ್ಲ. ಈ ಕೆಲಸ ಅತ್ತೆ ಮಾಡಿದರೆ ಸೊಸೆಗೆ ಸಂಕೋಚ ಇರಲ್ಲ. ಗಂಡ ಅಂಗಡಿಯಿಂದ ತತ್ತಿ ತರುವಾಗ ಮನೆಮಂದಿ ಲೆಕ್ಕಕ್ಕಿಂತ ಒಂದು ಹೆಚ್ಚು ತರಲಿ. ಆಶಾ ಕಾರ್ಯಕರ್ತೆ ಇಲ್ಲವೇ ಅಂಗನವಾಡಿ ಕಾರ್ಯಕರ್ತೆ ಮನೆಗೆ ಬಂದಾಗ ತಾಯಿ ಕಾರ್ಡ್ ತೋರಿಸಿ, ತೂಕ ಹಾಗೂ ಹಿಮೋಗ್ಲೋಬಿನ್ ಹೋದ ತಿಂಗಳಿಗಿಂತ ಏರಿದೆಯಾ ಅಂತ ಕೇಳಿ. ಏರಿಲ್ಲ ಅಂದರೆ ಮುಂದಿನ ತಿಂಗಳ ತನಕ ಕಾಯದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.